ಏಬ್ಲ್‌ಸ್ಕೀವರ್ ಗುಂಡಗೆ ಬರಬೇಕಾದರೆ

ಅಮೆರಿಕದ ಯೂಟಾದಲ್ಲಿ ಸ್ಯಾನ್‌ಪೀಟ್ ಅಂತ ಒಂದು ಕಣಿವೆ ಇದೆ. 1850ರಲ್ಲಿ ಮಾರ್ಮನ್ ಅನ್ನುವ ಕ್ರೈಸ್ತ ಪಂಥದ ಪ್ರಚಾರಕರು ಡೆನ್ಮಾರ್ಕಿಗೆ ಹೋದ ಮೇಲೆ ಆ ಮತಕ್ಕೆ ಸೇರಿದ ಸಾವಿರಾರು ಡೇನರು ಸಮುದ್ರ ದಾಟಿ ಯೂಟಾಕ್ಕೆ ಬಂದರು, ಅವರಲ್ಲಿ ತುಂಬಾ ಜನ ಇಲ್ಲಿನ ಎಫ್ರೈಮ್, ಮ್ಯಾಂಟೈ, ಸ್ಪ್ರಿಂಗ್ ಸಿಟಿ ಊರುಗಳಲ್ಲಿ ನೆಲೆ ನಿಂತರು. ಆ ಮನೆತನಗಳಲ್ಲಿ ಉಳಿದು ಬಂದ, ಚೆಂಡಿನ ಹಾಗೆ ಗುಂಡಗಿರುವ ತಿಂಡಿ ಏಬ್ಲ್‌ಸ್ಕೀವರ್. ಕಾವಲಿ ನಮ್ಮ ಪಡ್ಡಿನದರ ಥರವೇ, ಗುಳಿ ಮಾತ್ರ ದೊಡ್ಡದು, ಸಾಮಾನ್ಯವಾಗಿ ಏಳು. ಪಡ್ಡು ಹಾಕಿ ಕೈ ಪಳಗಿದವರೇ ಇದರಲ್ಲಿ ಜಾಸ್ತಿ ಎಡವುವುದನ್ನು ನೋಡಿದ್ದೇನೆ.

ಹಿಟ್ಟು ಸುಲಭ. 2 ಕಪ್ ಮೈದಾ, ಒಂದು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಸೋಡಾ, ಉಪ್ಪು, ಸಕ್ಕರೆ, ಏಲಕ್ಕಿ ಪುಡಿ, 2 ಕಪ್ ಮಜ್ಜಿಗೆ, 3 ಮೊಟ್ಟೆಯ ಹಳದಿ, ಕರಗಿಸಿದ ಬೆಣ್ಣೆ. ಅಲ್ಲಿ ಸಿಗುವ ಮಜ್ಜಿಗೆ ಗಟ್ಟಿ, ನಮ್ಮ ನೀರು ಮಜ್ಜಿಗೆ ಆಗುವುದಿಲ್ಲ. ಮೊಸರಿಗೆ ಚೂರು ನೀರು ಬೆರೆಸಿಕೊಳ್ಳಿ. ಬಿಳಿಯನ್ನು ಬೇರೆಯಾಗಿ ನೊರೆ ನಿಲ್ಲುವಷ್ಟು ಕಡೆದು, ಕೊನೆಗೆ ಮೆಲ್ಲಗೆ ಸೇರಿಸಿ. ಪ್ಯಾಕೆಟ್ಟಿನ ಪ್ಯಾನ್‌ಕೇಕ್ ಹಿಟ್ಟು ತರಲೇಬೇಡಿ, ಚೆಂಡು ಹಗುರಾಗುವುದೇ ಇಲ್ಲ.

ಬೀಡಿನ ಕಾವಲಿಯನ್ನೇ ಬಳಸಿ. ತೆಳು ನಾನ್‌ಸ್ಟಿಕ್ಕಿನಲ್ಲಿ ತಳ ಬೇಗ ಕಪ್ಪಾಗುತ್ತದೆ, ಒಳಗೆ ಹಸಿಯೇ ಉಳಿಯುತ್ತದೆ. ಉರಿ ಮಧ್ಯಮಕ್ಕಿಂತ ಕಡಿಮೆ ಇರಲಿ. ಗುಳಿಗೆ ಬೆಣ್ಣೆ ಹಾಕಿ, ಅದು ನೊರೆಯೆದ್ದಾಗ ಮುಕ್ಕಾಲು ಗುಳಿ ಹಿಟ್ಟು ಹುಯ್ಯಿರಿ.

ಈಗ ಉರುಳಿಸುವ ಕೆಲಸ. ಪಡ್ಡಿನ ಹಾಗೆ ಪೂರ್ತಿ ಬೇಯಿಸಿ ಒಂದೇ ಸಲ ಮಗುಚಿದರೆ ಒಂದು ಮಗ್ಗುಲು ಚಪ್ಪಟೆಯಾಗುತ್ತದೆ. ಅಂಚು ಗಟ್ಟಿಯಾಗಿ, ನಡುವೆ ಹಿಟ್ಟು ಇನ್ನೂ ಅಲ್ಲಾಡುತ್ತಿರಬೇಕು, ಅದೇ ಹದ. ಸ್ವೆಟರ್ ಹೆಣೆಯುವ ಕಡ್ಡಿ ತೆಗೆದುಕೊಂಡು (ಹಳಬರು ಬಳಸುವುದು ಅದನ್ನೇ, ಚಮಚಕ್ಕಿಂತ ಎಷ್ಟೋ ವಾಸಿ) ಅಂಚನ್ನು ಚುಚ್ಚಿ ಕಾಲು ಸುತ್ತು ಮಾತ್ರ ಎಬ್ಬಿಸಿ. ಬೆಂದ ಚಿಪ್ಪು ನೆಟ್ಟಗೆ ನಿಲ್ಲುತ್ತದೆ, ಹಸಿ ಹಿಟ್ಟು ಕೆಳಗೆ ಸುರಿದು ಹೊಸ ಗೋಡೆ ಕಟ್ಟುತ್ತದೆ. ಅರ್ಧ ನಿಮಿಷ ಬಿಟ್ಟು ಇನ್ನೊಂದು ದಿಕ್ಕಿಗೆ ಕಾಲು ಸುತ್ತು. ಬಾಯಿ ಮುಚ್ಚುವ ತನಕ ಹೀಗೇ. ಆಮೇಲೆ ಸುಮ್ನೆ ಸುತ್ತಿಸುತ್ತಾ ಇರಿ, ಎಲ್ಲ ಕಡೆ ಒಂದೇ ಬಣ್ಣ ಬರಲಿ. ಜೋರಾಗಿ ತಿವಿದರೆ ಚಿಪ್ಪು ಹರಿದು ಹಿಟ್ಟು ಹೊರಗೆ ಬರುತ್ತದೆ, ಅದನ್ನು ಸರಿ ಮಾಡಲು ಆಗುವುದಿಲ್ಲ. ಒಳಗೆ ಸೇಬು ಬೇಕಿದ್ದರೆ ಬೇಯಿಸಿ ಹಿಸುಕಿದ್ದನ್ನು ಕಾಲು ಚಮಚ, ಮೊದಲ ಸುತ್ತಿಗೆ ಮುಂಚೆಯೇ ಇಡಿ. ಹೆಚ್ಚಾದರೆ ಬಾಯಿ ಮುಚ್ಚುವುದಿಲ್ಲ.

ಕಡ್ಡಿ ಚುಚ್ಚಿ ತೆಗೆದಾಗ ಹಿಟ್ಟು ಅಂಟದಿದ್ದರೆ ಇಳಿಸಿ. ಡೆನ್ಮಾರ್ಕಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಬಿಸಿ ಮಸಾಲೆ ವೈನ್ ಜೊತೆ ತಿನ್ನುತ್ತಾರೆ, ಮಾರ್ಮನ್ನರು ಮದ್ಯ ಮುಟ್ಟುವುದಿಲ್ಲ, ಅಲ್ವಾ, ಯೂಟಾದಲ್ಲಿ ಇದು ಬೆಳಗಿನ ತಿಂಡಿ. ಮೇಲೆ ಸಕ್ಕರೆ ಪುಡಿ, ಪಕ್ಕಕ್ಕೆ ರಾಸ್ಪ್‌ಬೆರಿ ಜ್ಯಾಮ್. ಡಬ್ಬಿಯಲ್ಲಿ ಮುಚ್ಚಿಡಬೇಡಿ, ಹಬೆಗೆ ಮೆತ್ತಗಾಗಿಬಿಡುತ್ತವೆ.