ಲಾರಾಗೆ ಹೊಸ ಡೈವರ್ಟರ್ ವಾಲ್ವ್ ಹಾಕಿದ ಬಗೆ

ನಮ್ಮದು ಸ್ಕೋಡಾ ಲಾರಾ 1.8 ಟಿಎಸ್‌ಐ. ಸೆಕೆಂಡ್ ಹ್ಯಾಂಡ್ ಗಾಡಿ. ತುಮಕೂರಿನಿಂದ ದೇವರಾಯನದುರ್ಗಕ್ಕೆ ಮೂರನೇ ಗೇರಿನಲ್ಲಿ ಸಲೀಸಾಗಿ ಹತ್ತುತ್ತಿತ್ತು. ಹೋದ ವರ್ಷ ಒಂದು ಭಾನುವಾರ ನಾಮದ ಚಿಲುಮೆ ದಾಟಿ ಏರು ಶುರುವಾಗುತ್ತಿದ್ದಂತೆ ಪಿಕಪ್ಪೇ ಇಲ್ಲ. ಎಕ್ಸಲರೇಟರ್ ಒತ್ತಿದರೆ ಸದ್ದು ಬರುತ್ತದೆ, ಎಳೆತ ಬರುವುದಿಲ್ಲ. ಸ್ಕ್ಯಾನರ್ ಹಾಕಿದಾಗ ಪಿ0299 ಕೋಡ್ ಬಂತು. ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದಿಂದ ಬೇಕಾದಷ್ಟು ಒತ್ತಡ ಬರುತ್ತಿಲ್ಲ ಎಂದರ್ಥ. ಒಂದು ಗ್ಯಾರೇಜಿನಲ್ಲಿ ಟರ್ಬೊನೇ ಹೋಗಿದೆ, ಬದಲಾಯಿಸಿ ಅಂದರು. ಹರಿದಿದ್ದದ್ದು ಡೈವರ್ಟರ್ ವಾಲ್ವ್ ಅನ್ನುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ವಾಲ್ವಿನ ರಬ್ಬರ್ ಡಯಾಫ್ರಾಮ್ (ರಬ್ಬರ್ ಪೊರೆ) ಅಷ್ಟೇ.

ಈ ವಾಲ್ವಿನ ಕೆಲಸ ಏನು ಅಂತ ಮೊದಲು ತಿಳಿದುಕೊಳ್ಳಿ. ನೀವು ಎಕ್ಸಲರೇಟರ್ ಬಿಟ್ಟ ತಕ್ಷಣ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಅಂದರೆ ಥ್ರಾಟಲ್, ಮುಚ್ಚುತ್ತದೆ. ಟರ್ಬೊ ಇನ್ನೂ ತಿರುಗುತ್ತಲೇ ಇರುತ್ತದೆ. ಮಧ್ಯೆ ಸಿಕ್ಕಿಕೊಂಡ ಗಾಳಿಗೆ ಹೋಗಲು ದಾರಿ ಇಲ್ಲದಿದ್ದರೆ ಅದು ತಿರುಗಿ ಟರ್ಬೊದಲ್ಲಿ ಗಾಳಿ ಒತ್ತುವ ಕಂಪ್ರೆಸರ್ ಬ್ಲೇಡಿಗೇ ಹೊಡೆಯುತ್ತದೆ. ಹಾಗಾಗದ ಹಾಗೆ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು, ವಾಲ್ವಿನ ಕಾಯಿಲಿಗೆ ಕರೆಂಟ್ ಕೊಟ್ಟು ವಾಲ್ವ್ ತೆರೆಯುತ್ತದೆ. ಗಾಳಿ ಮತ್ತೆ ಟರ್ಬೊದ ಬಾಯಿಗೇ ಹೋಗುತ್ತದೆ. ಡಯಾಫ್ರಾಮ್ ಹರಿದರೆ ಈ ದಾರಿ ಯಾವಾಗಲೂ ಸ್ವಲ್ಪ ತೆರೆದೇ ಇರುತ್ತದೆ. ಟರ್ಬೊ ಒತ್ತಿದ ಗಾಳಿ ಸೋರಿ ಹೋಗುತ್ತದೆ.

ಆದರೆ ಇದೇ ಕೋಡ್ ಸಡಿಲವಾದ ಕ್ಲಾಂಪ್‌ನಿಂದಲೂ ಬರುತ್ತದೆ, ಸೀಳಿದ ಹೋಸ್ ಪೈಪಿನಿಂದಲೂ ಬರುತ್ತದೆ. ಆದ್ದರಿಂದ ದುಡ್ಡು ಹಾಕುವ ಮುಂಚೆ ಟರ್ಬೊದ ಗಾಳಿ ಒಯ್ಯುವ ಇಂಟರ್‌ಕೂಲರ್ ಪೈಪುಗಳನ್ನೆಲ್ಲ ಕೈಯಿಂದ ಅಲುಗಾಡಿಸಿ ನೋಡಿ. ಆಮೇಲೆ ಹಳೇ ವಾಲ್ವ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ರಬ್ಬರನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಸೀಳು ಬಾಯಿ ಬಿಡುತ್ತದೆ. ನನ್ನದರಲ್ಲಿ ಅಂಚಿನ ಸುತ್ತ ಅರ್ಧದಷ್ಟು ಕಿತ್ತು ಹೋಗಿತ್ತು.

ನಾನು ತಂದದ್ದು ಹಿತ್ತಾಳೆ ಪಿಸ್ಟನ್ ಇರುವ ಕಿಟ್. ಕಾಯಿಲ್ ಕಂಪನಿಯದೇ ಉಳಿಯುತ್ತದೆ, ರಬ್ಬರಿನ ಜಾಗಕ್ಕೆ ಅಲ್ಯೂಮಿನಿಯಂ ಬಾಡಿ ಮತ್ತು ಪಿಸ್ಟನ್ ಬರುತ್ತದೆ. ಹಿರೇಹಳ್ಳಿಯಲ್ಲಿ ಲೇತ್ ಮೇಲೆ ಕೆಲಸ ಮಾಡುವವನು ನಾನು, ಹಾಗಾಗಿ ಮೊದಲು ನೋಡಿದ್ದು ಪಿಸ್ಟನ್ ಫಿಟಿಂಗ್. ಬಿಸಿಗೆ ಕಚ್ಚಿಕೊಳ್ಳುತ್ತದಾ ಅಂತ ತುಂಬ ಜನ ಕೇಳುತ್ತಾರೆ. ಅಲ್ಯೂಮಿನಿಯಂ ಹಿತ್ತಾಳೆಗಿಂತ ಜಾಸ್ತಿ ಹಿಗ್ಗುತ್ತದೆ. ಅಂದರೆ ಕಾದಾಗ ಹೊರಗಿನ ಬೋರ್ (ಪಿಸ್ಟನ್ ಜಾರುವ ತೂತು) ಇನ್ನಷ್ಟು ಸಡಿಲವಾಗುತ್ತದೆ, ಬಿಗಿಯಾಗುವುದಿಲ್ಲ. ಪಿಸ್ಟನ್ ಹಿಡಿದುಕೊಂಡರೆ ಅದು ಕಸದಿಂದ. ಒಂದು ಮರಳಿನ ಕಣ ಸಾಕು. ಈ ಕೆಲಸದಲ್ಲಿ ಬೋಲ್ಟ್ ಬಿಗಿಯುವುದಕ್ಕಿಂತ ಒರೆಸುವುದೇ ದೊಡ್ಡದು.

ಗಾಡಿ ಪೂರ್ತಿ ತಣ್ಣಗಾಗಿರಬೇಕು. ನಾನು ರಾತ್ರಿ ನಿಲ್ಲಿಸಿ ಬೆಳಗ್ಗೆ ಶುರು ಮಾಡಿದೆ. ಮುಂದಿನ ಭಾಗ ಜಾಕಿಯಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಬರೀ ಜಾಕಿ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ, ದಯವಿಟ್ಟು. ಕೆಳಗಿನ ಪ್ಲಾಸ್ಟಿಕ್ ಕವರ್ ತೆಗೆದ ಮೇಲೆ ಎಂಜಿನ್ ಹಿಂದೆ ಟರ್ಬೊ ಕಾಣುತ್ತದೆ. ವಾಲ್ವ್ ಅದರ ಕಂಪ್ರೆಸರ್ ಮೇಲೆಯೇ ಇದೆ. ಬಿಚ್ಚುವ ಮುಂಚೆ ಸುತ್ತಲಿನ ಧೂಳನ್ನು ಬ್ರಷ್‌ನಿಂದ ಕೊಡವಿ, ಒದ್ದೆ ಬಟ್ಟೆಯಿಂದ ಒರೆಸಿ. ನಮ್ಮ ಕಡೆ ಬೇಸಿಗೆಯಲ್ಲಿ ಅಲ್ಲಿ ಕೆಂಪು ಧೂಳು ಎಣ್ಣೆಗೆ ಅಂಟಿ ಗಟ್ಟಿಯಾಗಿರುತ್ತದೆ. ವಾಲ್ವ್ ತೆಗೆದ ತಕ್ಷಣ ಅದು ನೇರ ಟರ್ಬೊದೊಳಗೆ ಬೀಳಬಹುದು.

ವಾಲ್ವಿಗೆ ಬರುವ ವೈರಿನ ಪ್ಲಗ್‌ನ ಲಾಕ್ ಕಾವಿಗೆ ಒಣಗಿ ಮುರಿಯುವ ಹಾಗಿರುತ್ತದೆ. ವೈರ್ ಎಳೆಯಬೇಡಿ, ಲಾಕ್ ಒತ್ತಿ ಪ್ಲಗ್ ಹಿಡಿದೇ ಬಿಚ್ಚಿ. ಆಮೇಲೆ ಮೂರು ಬೋಲ್ಟ್, 5 ಎಂಎಂ ಅಲೆನ್ ಕೀ. ಎರಡು ಸುಲಭ. ಇನ್ನೊಂದು ಕಣ್ಣಿಗೆ ಕಾಣುವುದಿಲ್ಲ, ಬೆರಳಿನಿಂದ ತಡವಿಯೇ ಹುಡುಕಬೇಕು. ಕೀ ಪೂರ್ತಿ ಒಳಗೆ ಕೂತಿದೆಯಾ ಅಂತ ಖಚಿತ ಮಾಡಿಕೊಳ್ಳಿ, ಇಲ್ಲದಿದ್ದರೆ ತಲೆ ಸವೆದು ಹೋಗುತ್ತದೆ. ನನಗೆ ಆ ಒಂದೇ ಬೋಲ್ಟಿಗೆ 40 ನಿಮಿಷ ಹಿಡಿಯಿತು. ತೆರೆದ ಬಾಯಿಗೆ ನೂಲು ಬಿಡದ ಬಟ್ಟೆ ಇಡಿ, ಕಾಟನ್ ವೇಸ್ಟ್ ಬೇಡವೇ ಬೇಡ. ಸ್ವಲ್ಪ ಎಣ್ಣೆ ಪಸೆ ಕಂಡರೆ ಹೆದರಬೇಡಿ, ಅದು ಇರುತ್ತದೆ.

ಮೇಜಿನ ಮೇಲೆ ಶುಭ್ರವಾದ ಪೇಪರ್ ಹಾಸಿ ಕಿಟ್ ಜೋಡಿಸಿ. ಪಿಸ್ಟನ್ ಬೋರ್‌ನಲ್ಲಿ ತನ್ನ ಭಾರಕ್ಕೇ ಜಾರಬೇಕು. ಜಾರದಿದ್ದರೆ ಎಲ್ಲೋ ಕಸ ಇದೆ, ಮತ್ತೆ ಒರೆಸಿ. ಕಾಯಿಲಿಗೆ 12 ವೋಲ್ಟ್ ಒಂದೇ ಕ್ಷಣ ಮುಟ್ಟಿಸಿ, ಟಿಕ್ ಅಂದರೆ ಸರಿ ಇದೆ. ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ ರಿಂಗ್ ಬಗ್ಗೆ ನಾನು ಪಾಠ ಕಲಿತಿದ್ದೇನೆ. ಮೊದಲ ಸಲ ಒಣದಾಗಿ ಕೂರಿಸಿದೆ, ಬಿಗಿಯುವಾಗ ತಿರುಚಿಕೊಂಡು ಒಂದು ಕಡೆ ಕತ್ತರಿಸಿತು. ಎಲ್ಲಾ ಮತ್ತೆ ಬಿಚ್ಚಬೇಕಾಯಿತು. ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿ, ಅದರ ತೋಡಿನಲ್ಲಿ ಬೆರಳಾಡಿಸಿ ಸಮ ಕೂತಿದೆಯಾ ನೋಡಿ.

ಕೂರಿಸುವ ಮುಂಚೆ ಬಾಯಿಗಿಟ್ಟ ಬಟ್ಟೆ ತೆಗೆದಿರಾ ಅಂತ ಇನ್ನೊಮ್ಮೆ ನೋಡಿ. ಬೋಲ್ಟನ್ನು ಮೊದಲು ಎಡಕ್ಕೆ ತಿರುಗಿಸಿ. ಥ್ರೆಡ್ ಕೂತಾಗ ಸಣ್ಣಗೆ ಟಕ್ ಅನ್ನುತ್ತದೆ. ಆಮೇಲೆ ಬಲಕ್ಕೆ, ಬೆರಳಿನಲ್ಲೇ. ಹೌಸಿಂಗ್ ಅಲ್ಯೂಮಿನಿಯಂ, ಥ್ರೆಡ್ ಹೋದರೆ ಕೆಲಸ ದೊಡ್ಡದಾಗುತ್ತದೆ. ಮೂರನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಕಿಟ್ ಜೊತೆ ಟಾರ್ಕ್ ಅಳತೆ (ಎಷ್ಟು ಬಿಗಿಯಬೇಕೆಂಬ ಲೆಕ್ಕ) ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಗಾಳಿಯನ್ನು ಹೊರಗೆ ಬಿಟ್ಟು ಬುಸ್ ಅಂತ ಸದ್ದು ಮಾಡುವ ವಾಲ್ವ್ ಹಾಕಿಸಿ ಅಂತ ಬಿ.ಎಚ್. ರಸ್ತೆಯ ಹುಡುಗರು ಎಷ್ಟೋ ಸಲ ಹೇಳಿದ್ದಾರೆ. ನಾನು ಒಪ್ಪಿಲ್ಲ. ಒಳಗೆ ಹೋಗುವ ಗಾಳಿ ಅಳೆಯುವ ಏರ್ ಫ್ಲೋ ಸೆನ್ಸರ್ ಇರುವ ಗಾಡಿಯಲ್ಲಿ ಆ ಗಾಳಿಯ ಲೆಕ್ಕ ಆಗಲೇ ಹಾಕಿಯಾಗಿರುತ್ತದೆ. ಅದು ಹೊರಗೆ ಹೋದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಇನ್ನೊಂದು ಮಾತು. ಗಾಡಿ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಿತಿ ಹಾಕುತ್ತದೆ. ವಾರಂಟಿ ಇರುವ ಗಾಡಿಯಾದರೆ ಕಂಪನಿಯ ವಾಲ್ವನ್ನೇ ಹಾಕಿಸಿ.

ಪ್ಲಗ್ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಕಿವಿಗೊಡಿ. ಹಿಸ್ ಅನ್ನಬಾರದು. ಹಳೇ ಕೋಡ್ ಅಳಿಸಿ, ಕವರ್ ಹಾಕಿ, ಮೊದಲ ಹತ್ತು ಕಿಲೋಮೀಟರ್ ಸುಮ್ನೆ ನಿಧಾನಕ್ಕೆ ಓಡಿಸಿ. ಆಮೇಲೆ ಏರು ರಸ್ತೆಯಲ್ಲಿ ಪಕ್ಕದವರಿಗೆ ಸ್ಕ್ಯಾನರ್ ಕೊಟ್ಟು, ಇಸಿಯು ಕೇಳಿದ ಬೂಸ್ಟ್ (ಟರ್ಬೊ ಒತ್ತಡ) ಮತ್ತು ನಿಜಕ್ಕೂ ಬಂದ ಬೂಸ್ಟ್ ಹೋಲಿಸಿ ನೋಡಲು ಹೇಳಿ. ನನ್ನ ತಮ್ಮ ದೇವರಾಯನದುರ್ಗದ ದಾರಿಯಲ್ಲಿ ನೋಡುತ್ತಾ ಕೂತಿದ್ದ. ಎರಡೂ ಅಂಕಿ ಹೆಚ್ಚುಕಡಿಮೆ ಒಂದೇ ಆಗಿ ಏರಿದವು. ಸುಮಾರು 500 ಕಿಲೋಮೀಟರ್ ಆದ ಮೇಲೆ ಗಾಡಿ ತಣ್ಣಗಿರುವಾಗ ಮೂರೂ ಬೋಲ್ಟ್ ಒಮ್ಮೆ ಮುಟ್ಟಿ ನೋಡಿ.