ಹಡ್ಲು ಅಂದ್ರೆ ಎಂತ? ನಾನು ಹುಡುಕಿದ ಬಗೆ

ನಾಗರಹೊಳೆ ಕಡೆ ಕಾಡು ಸುತ್ತಿದವರಿಗೆ ಹಡ್ಲು ಅನ್ನೋ ಪದ ಗೊತ್ತಿರ್ತದೆ. ಎರಡು ದಿಬ್ಬದ ನಡುವಿನ ತಗ್ಗು, ಮರ ಇಲ್ಲ, ಬರೀ ಹುಲ್ಲು, ಮಳೆಗಾಲದಲ್ಲಿ ಕಾಲಿಟ್ರೆ ಹೂತು ಹೋಗ್ತದೆ, ಆದ್ರೆ ಮಾರ್ಚ್ ಏಪ್ರಿಲಲ್ಲಿ ಸುತ್ತಲಿನ ಕಾಡು ಎಲೆ ಉದುರಿಸಿ ಒಣಗಿ ನಿಂತಾಗಲೂ ಅಲ್ಲಿ ಮಾತ್ರ ಹಸಿರು ಇರ್ತದೆ, ಜಿಂಕೆ, ಕಾಟಿ (ಕಾಡುಕೋಣ), ಆನೆ ಎಲ್ಲ ಮೇಯ್ಲಿಕ್ಕೆ ಬರೋದು ಅಲ್ಲಿಗೇ. ಅಡಿಯಲ್ಲಿ ಜೇಡಿಮಣ್ಣು ಇರೋದ್ರಿಂದ ನೀರು ಇಳಿಯೋದಿಲ್ಲ, ಬೇರಿಗೆ ಗಾಳಿ ಸಿಗದೆ ಹೆಚ್ಚಿನ ಮರ ಬದುಕೋದಿಲ್ಲ, ಹುಲ್ಲು ಬದುಕ್ತದೆ.

ಪ್ರಾಣಿ ಗಣತಿಗೆ ವಾಲಂಟಿಯರ್ ಆಗಿ ಹೋಗ್ತಿದ್ದಾಗ ಕಾಡು ಕಾಯೋ ವಾಚರುಗಳ ಬಾಯಲ್ಲಿ ಈ ಪದ ಕೇಳಿದ್ದು. ಅರ್ಥ ಕೇಳಿದ್ರೆ ಜೌಗು ಅಂತ ಹೇಳ್ತಾರೆ, ಸರಿ. ಆದ್ರೆ ನಾನು ಪುತ್ತೂರು ಕಡೆಯವ, ಮನೇಲಿ ತುಳು, ನಮ್ಮಲ್ಲಿ ಬೇಸಾಯ ಬಿಟ್ಟ ಗದ್ದೆಗೆ ಹಡಿಲು ಅಂತಾರೆ. 2021ರಲ್ಲಿ ಉಡುಪಿ ಕಡೆ ಹಡಿಲು ಭೂಮಿ ಕೃಷಿ ಅಂತ ದೊಡ್ಡ ಆಂದೋಲನವೇ ನಡೀತಲ್ಲ, ಅದೇ ಹಡಿಲು. ಎರಡೂ ಒಂದೇ ಪದ ಇರ್ಬೇಕು ಅಂತ ಹುಡುಕ್ಲಿಕ್ಕೆ ಶುರು ಮಾಡಿದೆ.

ಮೊದಲು ನೋಡಿದ್ದು ಪದದ ಮೊದಲ ಅಕ್ಷರ. ಹಳಗನ್ನಡದ ಪಕಾರ ಎಷ್ಟೋ ಪದಗಳಲ್ಲಿ ಹಕಾರ ಆಗಿದೆ, ಪಾಲ್ ಹಾಲಾಯ್ತು, ಪುಲಿ ಹುಲಿಯಾಯ್ತು. ತುಳುವಲ್ಲಿ ಪಕಾರ ಹಾಗೇ ಉಳಿದಿದೆ, ಹುಲಿಗೆ ಪಿಲಿ, ಹೂವಿಗೆ ಪೂ. ಹಾಗಾದ್ರೆ ಹಡಿಲಿಗೂ ತುಳುವಲ್ಲಿ ಪಕಾರದ ಜೋಡಿ ಇರ್ಬೇಕಲ್ಲ, ಉಂಟು, ಪಡೀಲ್. ಗದ್ದೆ ಹಡಿಲು ಬಿತ್ತು ಅಂತ ಕನ್ನಡದಲ್ಲಿ ಹೇಳೋದನ್ನೇ ತುಳುವಲ್ಲಿ ಪಡೀಲ್ ಬೂರುಂಡು ಅಂತಾರೆ, ಬೀಳು ಅನ್ನೋ ಕ್ರಿಯಾಪದ ಕೂಡ ಅದೇ. ಮಂಗಳೂರಿನ ಪಡೀಲ್ ಅನ್ನೋ ಜಾಗಕ್ಕೂ ಹೆಸರು ಇದರಿಂದಲೇ ಬಂದಿರ್ಬೇಕು ಅಂತ ನನ್ನ ಊಹೆ.

ಆದ್ರೆ ಬೇಸಾಯ ಬಿಟ್ಟ ಗದ್ದೆಯ ಹೆಸರು ಹುಲ್ಲಿನ ಜೌಗಿಗೆ ಯಾಕೆ ಬರ್ಬೇಕು? ಇದಕ್ಕೆ ಉತ್ತರ ಸಿಕ್ಕಿದ್ದು ಊರಲ್ಲೇ, ಬೈಲಲ್ಲಿ. ನಮ್ಮಲ್ಲಿ ಗದ್ದೆ ಮೂರು ಥರ, ಮೇಲೆ ಬೆಟ್ಟು, ನಡುವೆ ಮಜಲು, ಎಲ್ಲಕ್ಕಿಂತ ತಗ್ಗಲ್ಲಿ ಬೈಲು. ಬೆಟ್ಟು ಗದ್ದೆ ಬಿಟ್ರೆ ಪೊದೆ ಬರ್ತದೆ. ಬೈಲು ಗದ್ದೆ ಬಿಟ್ರೆ ಕಥೆ ಬೇರೆ, ನೀರು ಹರಿಯೋ ತೋಡು ಬಿಡಿಸುವವರಿಲ್ಲ, ಹೂಳು ತುಂಬ್ತದೆ, ನೀರು ಹೋಗ್ಲಿಕ್ಕೆ ದಾರಿ ಇಲ್ಲದೆ ಗದ್ದೆಯಲ್ಲೇ ನಿಲ್ತದೆ, ಸ್ವಲ್ಪ ವರ್ಷದಲ್ಲಿ ಆಳೆತ್ತರ ಹುಲ್ಲು. ಅದನ್ನು ನೋಡಿದ್ರೆ ಥೇಟ್ ನಾಗರಹೊಳೆಯ ಹಡ್ಲು! ತಗ್ಗಲ್ಲಿ ಹಡಿಲು ಬಿದ್ದ ಗದ್ದೆ ಜೌಗು ಆಗಿಯೇ ಆಗ್ತದೆ, ಹಾಗಾಗಿ ಪದದ ಅರ್ಥ ಜಾರಿದ್ದು ತೀರಾ ಸಹಜ ಅಂತ ನನಗೆ ಅನ್ನಿಸ್ತದೆ.

ಪಕ್ಕದ ವಯನಾಡಲ್ಲೂ ನೋಡಿ, ಕಾಡಿನೊಳಗಿನ ಇಂಥದೇ ಜಾಗಕ್ಕೆ ವಯಲ್ ಅಂತಾರೆ, ಮಲಯಾಳದಲ್ಲಿ ಗದ್ದೆಗೂ ಅದೇ ಪದ, ನಮ್ಮ ಬಯಲು, ಬೈಲು ಅದರದ್ದೇ ಜೋಡಿ. ಅಲ್ಲೂ ಗದ್ದೆಯ ಹೆಸರೇ ಕಾಡಿನ ಜೌಗಿಗೆ.

ಹಾಗಂತ ನಾಗರಹೊಳೆಯ ಹಡ್ಲುಗಳೆಲ್ಲ ಒಂದು ಕಾಲದ ಗದ್ದೆಗಳು ಅಂತ ನಾನು ಹೇಳೋದಿಲ್ಲ. ನೆಲದ ಇಳಿಜಾರು, ಮಣ್ಣು ಎರಡೇ ಸಾಕು ಹಡ್ಲು ಆಗ್ಲಿಕ್ಕೆ, ಮನುಷ್ಯನ ಕೈ ಬೇಕಂತಿಲ್ಲ. ಪದ ಗದ್ದೆಯಿಂದ ಬಂತು ಅನ್ನೋದು ಬೇರೆ, ಜಾಗ ಗದ್ದೆಯಾಗಿತ್ತು ಅನ್ನೋದು ಬೇರೆ, ಇದನ್ನು ಬೆರೆಸಬಾರದು. ಜಾಗದ ಬಗ್ಗೆ ತಿಳೀಬೇಕಾದ್ರೆ ನೆಲದಲ್ಲಿ ಹಳೇ ಹುಣಿಯ (ಗದ್ದೆ ಬದುವಿನ) ಗೆರೆ ಕಾಣ್ತದಾ ನೋಡ್ಬೇಕು, ಅಲ್ಲಿನ ಹಿರಿಯರನ್ನು ಕೇಳ್ಬೇಕು.

ಕೇಳುವಾಗ ಇನ್ನೊಂದು ಗಮನ ಇರ್ಲಿ, ಹಾಡಿ ಬೇರೆ, ಹಡ್ಲು ಬೇರೆ. ಅಲ್ಲಿ ಹಾಡಿ ಅಂದ್ರೆ ಜೇನು ಕುರುಬರು ಮುಂತಾದವರು ವಾಸ ಇರೋ ಜಾಗ, ನಮ್ಮ ಕರಾವಳಿ ಕನ್ನಡದಲ್ಲಿ ಅದೇ ಹಾಡಿ ಅಂದ್ರೆ ಸಣ್ಣ ಕಾಡು. ಕಬಿನಿ ಹಿನ್ನೀರು ಇಳಿದಾಗ ಬರೋ ಹುಲ್ಲುಗಾವಲನ್ನೂ ಕೆಲವರು ಹಡ್ಲು ಅಂತ ಬರೀತಾರೆ, ಅದು ಅಣೆಕಟ್ಟು ಕಟ್ಟಿದ ಮೇಲೆ ಆದದ್ದು, ಅದನ್ನು ಹಿನ್ನೀರಿನ ಹುಲ್ಲು ಅಂತಲೇ ಬರೆಯೋದು ಒಳ್ಳೇದು.