ಒಂದೇ ಸಲ ಕೇಳುವವರಿಗೆ ಟ್ಯೂನ್ ಹಾಕುವುದು

ಟ್ಯೂನ್ ಹಾಕೋದು ನಿಮ್ಮ ಖುಷಿಗೋ, ಕೇಳುವವರ ಖುಷಿಗೋ ಅಂತ ಜನ ನನ್ನನ್ನು ಕೇಳುತ್ತಲೇ ಇರುತ್ತಾರೆ. ಜಾಹೀರಾತಿನ ಕೆಲಸದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ದುಡ್ಡು ಕೊಡುವವರು ಹೇಳಿದಷ್ಟು ಸೆಕೆಂಡಿನಲ್ಲಿ ಮುಗಿಸಿ ಕೊಟ್ಟರಾಯಿತು. ತಲೆ ಕೆಡಿಸಿಕೊಳ್ಳುವುದು ವಾದ್ಯಗಳಿಗೆ ನಾನೇ ಇಷ್ಟಪಟ್ಟು ಬರೆಯುವಾಗ.

ಆಗ ಕೇಳುವವರ ರುಚಿಯ ಗೋಜಿಗೆ ನಾನು ಹೋಗುವುದಿಲ್ಲ. ಏನು ಹಿಡಿಸುತ್ತೆ ಅಂತ ಕೇಳುವ ತನಕ ಅವರಿಗೇ ಗೊತ್ತಿರಲ್ಲ, ಅಲ್ವಾ? ಆದರೆ ಅವರ ನೆನಪಿನ ಬಗ್ಗೆ ತುಂಬಾ ಯೋಚಿಸುತ್ತೇನೆ. ಕೃತಿ ಮುಗಿಯುವಷ್ಟರಲ್ಲಿ ನನಗೆ ಪ್ರತಿ ಸ್ವರವೂ ಬಾಯಿಪಾಠ. ಅವರು ಕೇಳುವುದು ಒಂದೇ ಸಲ. ಪುಸ್ತಕವಾದರೆ ಹಿಂದಿನ ಪುಟ ತಿರುವಿ ನೋಡಬಹುದು, ಇಲ್ಲಿ ಅದಕ್ಕೆ ದಾರಿಯಿಲ್ಲ.

ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಮತ್ತು ಪಿಯಾನೋಗೆ ನಾನು ಬರೆದ ಒಂದು ಕೃತಿಯನ್ನೇ ತಗೊಳ್ಳಿ. ಶುರುವಿನಲ್ಲಿ ಚೆಲ್ಲೊ ಐದು ಸ್ವರದ ಒಂದು ಸಾಲು ನುಡಿಸುತ್ತದೆ. ಮುಂದೆ ಅದೇ ಸಾಲು ಪಿಯಾನೋದ ಎಡಗೈಯಲ್ಲಿ ತಲೆಕೆಳಗಾಗಿ, ಅಂದರೆ ಏರುವಲ್ಲಿ ಇಳಿದು ಇಳಿಯುವಲ್ಲಿ ಏರಿ, ಅರ್ಧ ವೇಗದಲ್ಲಿ ಬರುತ್ತದೆ. ಈ ಆಟ ನನ್ನ ಖುಷಿಗೇ ಹುಟ್ಟಿದ್ದು, ಸುಳ್ಳು ಯಾಕೆ ಹೇಳಲಿ. ಕರಡು ಸಿದ್ಧವಾದ ಮೇಲೆ ಒಬ್ಬ ಗೆಳೆಯನಿಗೆ ಕೇಳಿಸಿದೆ. "ಹೇಗಿದೆ?" ಅಂತ ನಾನು ಯಾರನ್ನೂ ಕೇಳುವುದಿಲ್ಲ. ಕೇಳಿದರೆ "ಚೆನ್ನಾಗಿದೆ" ಅಂತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. "ನೆನಪಿರೋದನ್ನ ಗುನುಗು" ಅನ್ನುತ್ತೇನೆ. ಅವನು ಗುನುಗಿದ್ದು ಆ ಐದು ಸ್ವರಗಳನ್ನಲ್ಲ, ಪಿಯಾನೋದ ಬಲಗೈಯಲ್ಲಿ ಜಾಗ ತುಂಬೋಕೆ ಸುಮ್ನೆ ಹಾಕಿದ್ದ ಸ್ವರಗಳ ಓಟವನ್ನು!

ಆಟ ಬಿಡಲಿಲ್ಲ, ಸಾಲನ್ನು ಸುಲಭವೂ ಮಾಡಲಿಲ್ಲ. ಶುರುವಿನಲ್ಲಿ ಪಿಯಾನೋ ಸುಮ್ಮನಿರುವಂತೆ ಮಾಡಿ, ಚೆಲ್ಲೊ ಒಂದಕ್ಕೇ ಆ ಐದು ಸ್ವರ ಕೊಟ್ಟೆ. ಸ್ವಲ್ಪ ವಿರಾಮ ಬಿಟ್ಟು ಅದನ್ನೇ ಒಂದು ಮೆಟ್ಟಿಲು ಕೆಳಗಿಂದ ಮತ್ತೆ ನುಡಿಸಿದೆ. ಬಲಗೈಯ ಓಟವನ್ನು ತೆಳುವಾಗಿಸಿದೆ. ಆಮೇಲೆ ಕೇಳಿದವರಿಗೆ ಎಡಗೈಯ ತಿರುವು ಗೊತ್ತಾಗದಿದ್ದರೂ, ಅಲ್ಲಿಗೆ ಬಂದಾಗ "ಇದನ್ನ ಎಲ್ಲೋ ಕೇಳಿದ್ದೀನಲ್ಲ" ಅನಿಸಿತಂತೆ. ನನಗೆ ಅಷ್ಟು ಸಾಕು.

ಇದೇನೂ ಹೊಸ ಮಾತಲ್ಲ. 1782ರ ಡಿಸೆಂಬರಿನಲ್ಲಿ ಪಾಶ್ಚಾತ್ಯ ಸಂಗೀತ ರಚನಕಾರ ಮೊಟ್ಸಾರ್ಟ್ ತನ್ನ ಪಿಯಾನೋ ಕನ್ಚರ್ಟೊಗಳ (ಪಿಯಾನೋ ಮತ್ತು ವಾದ್ಯವೃಂದ ಸೇರಿ ನುಡಿಸುವ ಕೃತಿಗಳ) ಬಗ್ಗೆ ತಂದೆಗೆ ಬರೆದ ಪತ್ರದಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾನೆ. ಬಲ್ಲವರಿಗಷ್ಟೇ ತೃಪ್ತಿ ಕೊಡುವ ಜಾಗಗಳು ಅಲ್ಲಲ್ಲಿ ಇವೆ, ಗೊತ್ತಿಲ್ಲದವರಿಗೂ ಯಾಕೆ ಅಂತ ತಿಳಿಯದೇ ಖುಷಿಯಾಗುತ್ತದೆ ಅಂತ.

ಕೇಳುವವರನ್ನು ಲೆಕ್ಕಕ್ಕೇ ಇಟ್ಟವನಲ್ಲ ಅಂತ ಇಪ್ಪತ್ತನೇ ಶತಮಾನದ ರಚನಕಾರ ಶೋನ್‌ಬರ್ಗ್‌ನ ಹೆಸರು ತೆಗೆಯುತ್ತಾರೆ. 1918ರಲ್ಲಿ ಅವನು ವಿಯೆನ್ನಾದಲ್ಲಿ ಕಟ್ಟಿದ ಸಂಗೀತ ಸಂಘದಲ್ಲಿ ಚಪ್ಪಾಳೆ ನಿಷಿದ್ಧವಾಗಿತ್ತು, ವಿಮರ್ಶಕರಿಗೆ ಪ್ರವೇಶವಿರಲಿಲ್ಲ. ಸರಿ. ಆದರೆ ಅಲ್ಲಿ ಕಷ್ಟದ ಕೃತಿಗಳನ್ನು ಚೆನ್ನಾಗಿ ಅಭ್ಯಾಸ ಮಾಡಿ, ಮತ್ತೆ ಮತ್ತೆ ನುಡಿಸುತ್ತಿದ್ದರು. ಒಂದು ಸಲ ಕೇಳಿದರೆ ಸಾಲದು ಅನ್ನುವುದು ಅವನಿಗೂ ಗೊತ್ತಿತ್ತು. ನನ್ನ ಕೃತಿಯನ್ನು ಯಾರೂ ಅಷ್ಟು ಸಲ ನುಡಿಸುವುದಿಲ್ಲವಾದ್ದರಿಂದ, ಆ ಪುನರಾವರ್ತನೆಯನ್ನು ನಾನು ಕೃತಿಯ ಒಳಗೇ ಇಡಬೇಕು.

ಸ್ವರಗಳ ಬಣ್ಣದ ವಿಷಯದಲ್ಲಿ ಮಾತ್ರ ಯಾರ ಮಾತೂ ಕೇಳುವುದಿಲ್ಲ. ಅದೇ ಕೃತಿಯ ಕೊನೆಯ ಹತ್ತಿರ ಪಕ್ಕಪಕ್ಕದ ಎರಡು ಸ್ವರ ಒಟ್ಟಿಗೆ ಬಿದ್ದು ಕರಕರ ಅನ್ನುತ್ತವೆ. ತೆಗೆದುಬಿಡು ಅಂತ ಅದೇ ಗೆಳೆಯ ಎಷ್ಟೋ ಸಲ ಹೇಳಿದ. ಇನ್ನೂ ಅಲ್ಲೇ ಇವೆ.